ಅದು ಕಮಲ ಅಲ್ಲ ಸ್ವಾಮಿ, ನೈದಿಲೆ! – ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಓದುಗರೊಬ್ಬರು ಕಳಿಸಿದ್ದ ಚೆಂದದ ಫೋಟೋ ಒಂದನ್ನ ಹಾಕಿ ಕೆಳಗೆ 'ಕೆರೆ ತುಂಬ ಕಮಲ' ಅಂತ ಕ್ಯಾಪ್ಷನ್ ಕೊಟ್ಟಿದ್ವಿ. ಈ ಅಂಕಣ ಬರೆಯೋನು ನಾನೇ, ಪ್ರೂಫ್ ನೋಡಿದ್ದೂ ನಾನೇ, ಹಾಗಾಗಿ ಬೈಸ್ಕೊಳ್ಳೋ ಸರದಿನೂ ನಂದೇ. ಬಂದ ಪತ್ರ, ಮೆಸೇಜು ಎಲ್ಲ ಓದಿದೆ. ಅರ್ಧ ಜನ ಬೈದಿದ್ದಾರೆ, ಇನ್ನರ್ಧ ಜನ 'ಬೈತಾ ಇದ್ದಾರಲ್ಲ, ಏನ್ ತಪ್ಪು ಅದ್ರಲ್ಲಿ?' ಅಂತ ಕೇಳಿದ್ದಾರೆ. ಎರಡನೇ ಥರದವರೇ ನನಗೆ ಜಾಸ್ತಿ ಇಷ್ಟ ಆಗಿದ್ದು, ಹಂಗಾಗಿ ಈ ಸಲದ ಪುಟ ಪೂರ್ತಿ ನೈದಿಲೆಗೇ.

ಪ್ರಶ್ನೆ: ಕಮಲ, ತಾವರೆ, ನೈದಿಲೆ, ವಾಟರ್ ಲಿಲ್ಲಿ ಎಲ್ಲ ಒಂದೇ ಅಲ್ವಾ ಸಾರ್? ನಮ್ಮೂರ ಕಡೆ ನೀರಲ್ಲಿ ಬಿಡೋ ಹೂವಿಗೆಲ್ಲ ತಾವರೆ ಅಂತಲೇ ಅನ್ನೋದು. (ತಿಪಟೂರಿನಿಂದ ಒಬ್ಬರು)

ಕಮಲ, ತಾವರೆ ಒಂದೇ. ನೈದಿಲೆ, ವಾಟರ್ ಲಿಲ್ಲಿ ಒಂದೇ. ಈ ಎರಡು ಜೋಡಿ ಮಾತ್ರ ಬೇರೆ ಬೇರೆ.

ಹೂವು ನೋಡ್ಬೇಡಿ, ಎಲೆ ನೋಡಿ. ನೈದಿಲೆ ಎಲೆಗೆ ಒಂದು ಕಡೆ ಸೀಳು ಇರುತ್ತೆ, ರೊಟ್ಟಿಯಲ್ಲಿ ಒಂದು ತುಂಡು ಮುರ್ಕೊಂಡ ಹಾಗೆ. ಕಮಲದೆಲೆಗೆ ಸೀಳಿಲ್ಲ, ಪೂರ್ತಿ ದುಂಡು, ತೊಟ್ಟು ಎಲೆಯ ನಟ್ಟನಡುವೆ ಬಂದು ಸೇರುತ್ತೆ, ಕೊಡೆ ಥರ. ನೈದಿಲೆ ಎಲೆ ನೀರಿಗೆ ಅಂಟ್ಕೊಂಡೇ ತೇಲುತ್ತೆ, ಕಮಲದೆಲೆ ಬಲಿತ ಮೇಲೆ ನೀರಿಂದ ಎದ್ದು ಗಾಳಿಗೆ ತಲೆ ಆಡಿಸ್ತಾ ನಿಲ್ಲುತ್ತೆ (ಕಮಲದ ಎಳೇ ಎಲೆ ಮಾತ್ರ ತೇಲುತ್ತೆ, ಅಲ್ಲೇ ಎಷ್ಟೋ ಜನ ಮೋಸ ಹೋಗೋದು). ಇನ್ನು ಹೂವಿನ ನಡುವೆ ಸ್ನಾನದ ಮನೆ ಶವರ್ ಥರದ ತೂತು ತೂತಿನ ದಿಂಡು ಕಂಡ್ರೆ ಮಾತೇ ಇಲ್ಲ, ಕಮಲ.

ಇಷ್ಟೆಲ್ಲ ಹೋಲಿಕೆ ಇದ್ರೂ ಎರಡೂ ದೂರದ ನೆಂಟರೂ ಅಲ್ಲ ಅನ್ನೋದೇ ತಮಾಷೆ. ಸಸ್ಯಶಾಸ್ತ್ರದವರು ಜೀನು ತೆಗೆದು ನೋಡಿದಾಗ ಕಮಲದ ಬಳಗ ಎಲ್ಲಿ ಸಿಕ್ತು ಗೊತ್ತಾ? ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸ್ತಾರಲ್ಲ, ಆ ಸಿಲ್ವರ್ ಓಕ್ ಮರದ ಕಡೆ. ನೈದಿಲೆ ಅದಕ್ಕಿಂತ ತುಂಬ ಹಳೇ ಮನೆತನ, ಹೂ ಬಿಡೋ ಗಿಡಗಳ ವಂಶವೃಕ್ಷದಲ್ಲಿ ಬುಡದ ಹತ್ತಿರವೇ ಕವಲೊಡೆದು ಬೇರೆ ಆಗಿದ್ದು. ಕೆಸರಲ್ಲಿ ಬದುಕ್ಬೇಕು ಅಂದ್ರೆ ಹಿಂಗೇ ಇರಬೇಕು ಅಂತ ಇಬ್ಬರೂ ಅವರವರ ಪಾಡಿಗೆ ಕಲಿತಿದ್ದಾರೆ ಅಷ್ಟೆ.

ನಮ್ಮ ರಾಜ್ಯದ ಹೂವು ಕಮಲ. ಬಾಂಗ್ಲಾದೇಶದ ರಾಷ್ಟ್ರೀಯ ಹೂವು ಬಿಳಿ ನೈದಿಲೆ, ಅಲ್ಲಿಯವರು ಶಾಪ್ಲಾ ಅಂತಾರೆ. ಶ್ರೀಲಂಕಾದವರದು ನೀಲಿ ನೈದಿಲೆ. ಹೋದ ತಿಂಗಳ ಫೋಟೋದಲ್ಲಿ ಇದ್ದಿದ್ದು ನೈದಿಲೆನೇ, ಎಲೆ ಸೀಳು ಎದ್ದು ಕಾಣ್ತಿತ್ತು. ತಪ್ಪಾಯ್ತು.

ಪ್ರಶ್ನೆ: ನಮ್ಮ ಊರ ಕೆರೆಯಲ್ಲಿ ಎರಡು ಥರ ಇದೆ. ಒಂದು ಬಿಳೀದು, ಬೆಳಗ್ಗೆ ವಾಕಿಂಗ್ ಹೋದಾಗ ಅರಳಿರುತ್ತೆ, ಹತ್ತು ಗಂಟೆ ಮೇಲೆ ಹೋದ್ರೆ ಮುಚ್ಕೊಂಡಿರುತ್ತೆ. ಇನ್ನೊಂದು ತಿಳಿನೀಲಿ, ಅದು ಮಧ್ಯಾಹ್ನವೂ ಅರಳೇ ಇರುತ್ತೆ. ಒಂದೇ ಗಿಡದ ಎರಡು ಬಣ್ಣವಾ? (ಶಿರಸಿ ಕಡೆಯ ನಿವೃತ್ತ ಮೇಷ್ಟ್ರು)

ಮೇಷ್ಟ್ರೇ, ಬಣ್ಣಕ್ಕಿಂತ ಟೈಮ್ ನೋಡಿದ್ರಲ್ಲ, ಅದೇ ಸರಿಯಾದ ದಾರಿ. ಅವು ಎರಡು ಬೇರೆ ಜಾತಿ.

ನಿಮ್ಮ ತಿಳಿನೀಲಿ ಹೂವಿಗೆ ನಿಂಫಿಯಾ ನೌಚಾಲಿ ಅಂತ ಹೆಸರು, 1768ರಲ್ಲಿ ಬರ್ಮನ್ ಅನ್ನೋ ಡಚ್ ಸಸ್ಯಶಾಸ್ತ್ರಜ್ಞ ಇಟ್ಟಿದ್ದು. ಹಗಲು ಅರಳೋದು. ನೀಲಿ ಅಂತಲೇ ಇರಬೇಕಿಲ್ಲ, ಬಿಳೀ, ತೆಳು ಗುಲಾಬಿ ಎಲ್ಲ ಬರುತ್ತೆ, ಅದಕ್ಕೇ ಬಣ್ಣ ನಂಬಬಾರದು. ಬಿಳೀದು ಬಹುಶಃ ನಿಂಫಿಯಾ ಪ್ಯೂಬೆಸೆನ್ಸ್, ಸಂಜೆ ಮೇಲೆ ಅರಳಿ ರಾತ್ರಿಯೆಲ್ಲ ತೆರೆದಿದ್ದು ಬಿಸಿಲೇರಿದ ಮೇಲೆ ಮುಚ್ಕೊಳ್ಳೋದು. ನೀವು ವಾಕಿಂಗ್‌ನಲ್ಲಿ ನೋಡ್ತಿರೋದು ಅದರ ರಾತ್ರಿ ಪಾಳಿಯ ಕೊನೇ ಗಂಟೆ.

ಅನುಮಾನ ಬಂದ್ರೆ ದಡದ ಹತ್ತಿರ ಸಿಕ್ಕೋ ಒಂದು ಎಲೆ ಮಗುಚಿ, ಬೆರಳು ಆಡಿಸಿ. ರಾತ್ರಿ ಹೂವಿನದಾದ್ರೆ ಹಿಂಬದಿ ಮೆತ್ತಗೆ ರೋಮ ರೋಮ ಇರುತ್ತೆ, ನರಗಳು ಉಬ್ಬಿರುತ್ತೆ, ಅಂಚು ಗರಗಸದ ಥರ ಚೂಪು ಹಲ್ಲು. ಹಗಲಿನದರ ಹಿಂಬದಿ ನುಣುಪು, ಅಂಚು ಸುಮ್ನೆ ಅಲೆ ಅಲೆ. ಹೂವೇ ಕೈಗೆ ಸಿಕ್ರೆ ಕೇಸರದ ತುದಿ ನೋಡಿ, ಹಗಲಿನ ಹೂವಿನ ಕೇಸರಕ್ಕೆ ದಳದ್ದೇ ಬಣ್ಣದ ಒಂದು ಚಿಕ್ಕ ಬಾಲ ಇರುತ್ತೆ, ರಾತ್ರಿ ಹೂವಿಗೆ ಆ ಬಾಲ ಇಲ್ಲ.

ಹಳೇ ಕವಿಗಳು ಕುಮುದ ಚಂದ್ರನ್ನ ನೋಡಿ ಅರಳುತ್ತೆ, ಕಮಲ ಸೂರ್ಯನ್ನ ನೋಡಿ ಅರಳುತ್ತೆ ಅಂತ ಬರೆದಿದ್ದು ಈ ರಾತ್ರಿ ನೈದಿಲೆ ನೋಡಿನೇ. ಗಮನಿಸಿ ಬರೆದಿದ್ದಾರೆ, ಸುಮ್ನೆ ಹೊಸೆದಿದ್ದಲ್ಲ. ಒಂದೇ ತಕರಾರು: ಚಂದ್ರ ಬೇಕಿಲ್ಲ ಅದಕ್ಕೆ. ನಮ್ಮ ಅಜ್ಜಿ ಊರಿನ ಕೆರೆ ಏರಿ ಮೇಲೆ ಒಂದು ಅಮಾವಾಸ್ಯೆ ದಿನ ಫ್ಲಾಸ್ಕಲ್ಲಿ ಕಾಫಿ ಹಿಡ್ಕೊಂಡು ಕೂತಿದ್ದೆ, ಟಾರ್ಚಿಗೆ ಕೆಂಪು ಕಾಗದ ಸುತ್ತಿ ಆಗಾಗ ಹಾಕಿ ನೋಡ್ತಿದ್ದೆ. ಕತ್ತಲಾಗ್ತಿದ್ದ ಹಾಗೆ ಮೊದಲು ಹೊರಗಿನ ನಾಲ್ಕು ಹಸಿರು ಎಸಳು ಸಡಿಲ ಆಯ್ತು, ಆಮೇಲೆ ಒಳಗಿನ ಬಿಳಿ ಒಂದೊಂದಾಗಿ, ನಾನು ಸೊಳ್ಳೆ ಹೊಡ್ಕೊಳ್ಳೋಕೆ ಅಂತ ತಲೆ ತಿರುಗಿಸಿ ನೋಡೋ ಅಷ್ಟ್ರಲ್ಲಿ ಇನ್ನಷ್ಟು ತೆರೆದಿರೋದು, ಅರಳ್ತಾ ಇರೋದು ಮಾತ್ರ ಒಂದ್ ಸಲಾನೂ ಕಣ್ಣಿಗೆ ಬೀಳಲಿಲ್ಲ. ಚಂದ್ರ ಅವತ್ತು ರಜಾ.

ಪ್ರಶ್ನೆ: ನೈದಿಲೆ ಹೂವು ಬಾಡಿ ಉದುರಿದ್ದನ್ನ ನಾನು ಒಂದ್ ಸಲಾನೂ ನೋಡಿಲ್ಲ. ಮೂರ್ನಾಲ್ಕು ದಿನ ಇರುತ್ತೆ, ಆಮೇಲೆ ಮಾಯ. ಎಲ್ಲಿಗೆ ಹೋಗುತ್ತೆ? ಯಾರಾದ್ರೂ ಕಿತ್ತುಕೊಂಡು ಹೋಗ್ತಾರಾ ಅಂತ ನಮ್ಮನೇಲಿ ಚರ್ಚೆ. (ಮೈಸೂರಿನಿಂದ ಒಬ್ಬ ಗೃಹಿಣಿ)

ಅಮ್ಮ, ಈ ತಿಂಗಳ ಬೆಸ್ಟ್ ಪ್ರಶ್ನೆ ನಿಮ್ದು. ಯಾರೂ ಕೀಳೋದಿಲ್ಲ, ಗಿಡವೇ ಅದನ್ನ ನೀರೊಳಗೆ ಎಳ್ಕೊಳ್ಳುತ್ತೆ.

ಮೊದಲಿಂದ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ. ಒಂದು ಹೂವು ಮೂರು ನಾಲ್ಕು ದಿನ ಅರಳಿ ಮುಚ್ಚಿ, ಅರಳಿ ಮುಚ್ಚಿ ಮಾಡುತ್ತಲ್ಲ, ಆ ಎಲ್ಲ ದಿನ ಅದು ಒಂದೇ ಥರದ ಹೂವಾಗಿರಲ್ಲ. ಮೊದಲನೇ ದಿನ ಅದು ಹೆಣ್ಣು. ನಡುವೆ ಒಂದು ಬಟ್ಟಲಿನ ಥರ ಗುಂಡಿ, ಅದರಲ್ಲಿ ಒಂದಿಷ್ಟು ದ್ರವ ತುಂಬಿಕೊಂಡಿರುತ್ತೆ, ಬಿಸಿಲಿಗೆ ಮಿರಮಿರ ಅನ್ನುತ್ತೆ, ಕೇಸರಗಳ ಚೀಲ ಇನ್ನೂ ಒಡೆದಿರಲ್ಲ. ಎರಡನೇ ದಿನದಿಂದ ಆ ಗುಂಡಿ ಒಣಗುತ್ತೆ, ಕೇಸರಗಳು ಒಳಕ್ಕೆ ಬಾಗಿ ಅದನ್ನ ಮುಚ್ತವೆ, ಪರಾಗದ ಪುಡಿ ಕೊಡೋಕೆ ಶುರು ಮಾಡ್ತವೆ. ಅಂದ್ರೆ ಗಂಡು. ಒಂದೇ ಹೂವು ಇವತ್ತು ಅಮ್ಮ, ನಾಳೆ ಅಪ್ಪ.

ಈಗ ಒಂದು ಜೇನು ಬಂತು ಅನ್ಕೊಳ್ಳಿ. ನಿನ್ನೆ ಅರಳಿದ್ದ ಹೂವಲ್ಲಿ ಪರಾಗ ಮೆತ್ಕೊಂಡು ಇವತ್ತು ಹೊಸದಾಗಿ ಅರಳಿದ ಹೂವಿಗೆ ಬರುತ್ತೆ. ಇಲ್ಲೂ ಪರಾಗ ಇದೆ ಅಂತ ಆಸೆಯಿಂದ ನಡುವಿನ ಕೇಸರಕ್ಕೆ ಕಾಲಿಡುತ್ತೆ, ಆ ಕೇಸರ ನುಣ್ಣಗೆ ನೆಟ್ಟಗೆ, ಕಾಲು ಜಾರುತ್ತೆ, ಹೋಗಿ ಗುಂಡಿಗೆ ಬೀಳುತ್ತೆ. ಮೈಮೇಲಿನ ಪರಾಗ ಎಲ್ಲ ದ್ರವದಲ್ಲಿ ತೊಳೆದು ಹೋಗಿ ಕೆಳಗೆ ಕೂರುತ್ತೆ. ಹೂವಿನ ಕೆಲಸ ಆಯ್ತು. ಜೇನು ಎದ್ದು ಹೋದ್ರೆ ಅದರ ಅದೃಷ್ಟ, ಸುಮಾರು ಸಲ ಎದ್ದು ಹೋಗುತ್ತೆ, ಕೆಲವು ಸಲ ಅಲ್ಲೇ ಮುಳುಗಿ ಸತ್ತೂ ಹೋಗುತ್ತೆ. ಪಾಪ, ಅದಕ್ಕೆ ಅಲ್ಲಿ ಸಿಕ್ಕಿದ್ದು ಏನೂ ಇಲ್ಲ. ಇಷ್ಟು ಮೃದುವಾದ ಹೂವು ಅಂತ ನಾವು ದೇವರ ಮುಂದೆ ಇಡ್ತೀವಿ, ಮೊದಲ ದಿನದ ಹೂವನ್ನ ಬಗ್ಗಿ ನೋಡಿದ್ರೆ ಒಳಗೆ ಒಂದೆರಡು ಸಣ್ಣ ಹುಳ ತೇಲ್ತಿರೋದೂ ಉಂಟು.

ಬೀಜ ಕಟ್ಟಿತು ಅಂತ ಆದ್ರೆ ಹೂವು ಕಡೇ ಸಲ ಮುಚ್ಕೊಳ್ಳುತ್ತೆ. ಆಮೇಲೆ ತೊಟ್ಟು ಬಾಗಿ, ಎಷ್ಟೋ ಸಲ ಸ್ಪ್ರಿಂಗ್ ಥರ ಸುತ್ತಿಕೊಂಡು, ಹೂವನ್ನ ನೀರೊಳಗೆ ಎಳೆಯುತ್ತೆ. ಕಾಯಿ ಬಲಿಯೋದೆಲ್ಲ ನೀರಿನ ಕೆಳಗೇ, ದನ, ಹಕ್ಕಿ ಕಣ್ಣಿಗೆ ಬೀಳದ ಹಾಗೆ. ಕೆಲವು ವಾರ ಆದ್ಮೇಲೆ ಕಾಯಿ ಕೊಳೆತು ಒಡೆದು ಸಾಸಿವೆಗಿಂತ ಸಣ್ಣ ಬೀಜ ಸಾವಿರಗಟ್ಟಲೆ ಹೊರಗೆ ಬರುತ್ತೆ, ಪ್ರತಿ ಬೀಜಕ್ಕೂ ಗಾಳಿ ತುಂಬಿದ ಲೋಳೆ ಚೀಲದ ಒಂದು ಲೈಫ್ ಜಾಕೆಟ್. ಅದನ್ನ ಹಾಕ್ಕೊಂಡು ಒಂದಷ್ಟು ಹೊತ್ತು ತೇಲ್ತಾ ದಡದ ಕಡೆ, ಪಕ್ಕದ ಹೊಂಡದ ಕಡೆ ಹೋಗುತ್ತೆ, ಚೀಲ ಕೊಳೆತ ಮೇಲೆ ಮುಳುಗಿ ಕೆಸರಲ್ಲಿ ಕೂರುತ್ತೆ.

ನಿಮ್ಮನೆ ಚರ್ಚೆ ಮುಗಿಸೋಕೆ ಒಂದು ಕೆಲಸ ಮಾಡಿ, ದಡದ ಪಕ್ಕದ ಒಂದು ಮೊಗ್ಗಿನ ತೊಟ್ಟಿಗೆ ಬಣ್ಣದ ದಾರ ಸಡಿಲವಾಗಿ ಕಟ್ಟಿಡಿ. ಒಂದು ವಾರ ಬಿಟ್ಟು ಹೋಗಿ ನೀರೊಳಗೆ ಕೈ ಹಾಕಿ ದಾರ ಹುಡುಕಿ. ದಡದಲ್ಲಿ ಕೂತೇ ಮಾಡಿ, ನೀರಿಗೆ ಮಾತ್ರ ಇಳೀಬೇಡಿ.

ಪ್ರಶ್ನೆ: ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಟಬ್ ಇಟ್ಟು ಲಿಲ್ಲಿ ಬೆಳೆಸೋ ಆಸೆ. ನರ್ಸರಿಯಲ್ಲಿ ತಂದ ಗಿಡ ಒಂದು ತಿಂಗಳಲ್ಲಿ ಕೊಳೀತು. ದುಡ್ಡು ದಂಡ. ಬದಲಿಗೆ ಕೆರೆಯಿಂದ ಒಂದು ಗೆಡ್ಡೆ ಕಿತ್ತು ತರಬಹುದಾ? (ಬೆಂಗಳೂರು, ಒಬ್ಬ ಐಟಿ ಉದ್ಯೋಗಿ)

ಬೇಡ. ಒಂದು ಗೆಡ್ಡೆ ತಾನೇ ಅಂತೀರಾ, ಆ ಕೆರೆ ಸುತ್ತ ಎಷ್ಟು ಅಪಾರ್ಟ್‌ಮೆಂಟ್ ಇದೆ ಲೆಕ್ಕ ಹಾಕಿ. ಅದೂ ಅಲ್ಲದೆ ಊರ ಕೊಳಚೆ ಸೇರೋ ಕೆರೆಯ ಕೆಸರು ಬಾಲ್ಕನಿಗೆ ತಂದ್ರೆ ಮನೇಲಿ ನಿಮ್ಮನ್ನೇ ಹೊರಗೆ ಹಾಕ್ತಾರೆ.

ನಿಮ್ಮ ಗಿಡ ಯಾಕೆ ಕೊಳೀತು ಅಂತ ನಿಮ್ಮ ಪತ್ರದಲ್ಲೇ ಇದೆ, ಕೋಕೋಪೀಟು ಮತ್ತೆ ವರ್ಮಿಕಾಂಪೋಸ್ಟು ಅರ್ಧರ್ಧ ಹಾಕ್ದೆ ಅಂದಿದ್ದೀರಿ. ಕುಂಡದ ಗುಲಾಬಿಗೆ ಅದು ಹಬ್ಬದೂಟ, ಲಿಲ್ಲಿಗೆ ವಿಷ. ಕೋಕೋಪೀಟು ತೇಲುತ್ತೆ, ಕಾಂಪೋಸ್ಟು ನೀರಲ್ಲಿ ಕೊಳೆತು ನಾರುತ್ತೆ, ಪಾಚಿ ಕಟ್ಟುತ್ತೆ, ಗೆಡ್ಡೆನೂ ಜೊತೆಗೆ ಹೋಗುತ್ತೆ. ಬೇಕಾಗಿರೋದು ಜಿಗುಟು ಮಣ್ಣು, ಗದ್ದೆ ಮಣ್ಣು ಸಿಕ್ರೆ ಒಳ್ಳೇದು. ಅಗಲ ಬಾಯಿನ ಚಿಕ್ಕ ಬೇಸಿನ್‌ನಲ್ಲಿ ಮಣ್ಣು ತುಂಬಿ, ಗೆಡ್ಡೆ ನೆಟ್ಟು, ಚಿಗುರು ಮಾತ್ರ ಮೇಲೆ ಬಿಟ್ಟು, ಅದರ ಮೇಲೆ ಒಂದಿಂಚು ಮರಳು ಹಾಕಿ, ಆ ಬೇಸಿನ್ನನ್ನ ದೊಡ್ಡ ಟಬ್ಬಿನೊಳಗೆ ಇಳಿಸಿ. ಚಿಗುರಿನ ಮೇಲೆ ಅರ್ಧ ಅಡಿ ನೀರು ನಿಂತ್ರೆ ಸಾಕು. ನಲ್ಲಿ ನೀರಾದ್ರೆ ಹಿಂದಿನ ದಿನವೇ ಹಿಡಿದಿಡಿ. ಹೊಸಾ ಸಿಮೆಂಟ್ ತೊಟ್ಟಿಯಾದ್ರೆ ನಾಲ್ಕೈದು ಸಲ ತುಂಬಿ ಚೆಲ್ಲಿ ಸುಣ್ಣದ ಅಂಶ ಬಿಡಿಸಿ. ಬಿಸಿಲು ದಿನಕ್ಕೆ ಐದಾರು ಗಂಟೆ ಬೀಳಲೇಬೇಕು, ನಿಮ್ಮ ಬಾಲ್ಕನಿ ಉತ್ತರಕ್ಕಿದ್ರೆ ಈ ಆಸೆ ಬಿಟ್ಟು ಮನಿಪ್ಲಾಂಟ್ ಇಟ್ಕೊಳ್ಳಿ, ನಿಜವಾಗ್ಲೂ ಹೇಳ್ತಿದೀನಿ. ಸೊಳ್ಳೆಗೆ ನಾಲ್ಕು ಗಪ್ಪಿ ಮೀನು ಬಿಡಿ. ಎಲೆ ಮೇಲೆ ಕಪ್ಪು ಹೇನು ಕೂತ್ರೆ ಔಷಧಿ ಹೊಡೀಬೇಡಿ, ಎಲೆನ ಕೈಯಲ್ಲಿ ನೀರೊಳಗೆ ಅದುಮಿ ಹಿಡಿದ್ರೆ ಹೇನು ತೇಲುತ್ತೆ, ಮೀನು ತಿಂದು ಮುಗಿಸುತ್ತೆ.

ಇನ್ನೊಂದು ಮಾತು, ನರ್ಸರಿಯಲ್ಲಿ ಸಿಗೋದು ಹೆಚ್ಚುಕಮ್ಮಿ ಎಲ್ಲ ಹೈಬ್ರಿಡ್. ಟಬ್ಬಲ್ಲಿ ಎಷ್ಟು ಬೇಕಾದ್ರೂ ಬೆಳೆಸಿ, ಜಾಸ್ತಿ ಆಯ್ತು ಅಂತ ಪುಣ್ಯದ ಕೆಲಸ ಥರ ತಗೊಂಡು ಹೋಗಿ ಕೆರೆಗೆ ಬಿಡಬೇಡಿ. ಶ್ರೀಲಂಕಾದಲ್ಲಿ ಇದೇ ಆಗಿದ್ದು. ಅಲ್ಲಿ 1986ರಲ್ಲಿ ನೀಲಿ ನೈದಿಲೆನ ರಾಷ್ಟ್ರೀಯ ಹೂವು ಅಂತ ಘೋಷಿಸಿದ್ರು, ನಿಲ್ ಮಾನೆಲ್ ಅಂತಾರೆ. ಆಮೇಲೆ ನೋಡಿದ್ರೆ ಜನ ಎಲ್ಲೆಲ್ಲೂ ನಿಲ್ ಮಾನೆಲ್ ಅಂತ ತೋರಿಸ್ತಿದ್ದ ಗಾಢ ನೇರಳೆ ಹೂವು ಅಲ್ಲಿಯ ಕಾಡು ಜಾತಿನೇ ಅಲ್ಲ, ಕೊಳಗಳಿಂದ ತಪ್ಪಿಸಿಕೊಂಡು ಹಬ್ಬಿದ ಹೊರಗಿನ ಮಿಶ್ರತಳಿ! ಅಲ್ಲಿಯ ಸಸ್ಯಶಾಸ್ತ್ರಜ್ಞರು ಪತ್ತೆ ಮಾಡಿ ಹೇಳಬೇಕಾಯ್ತು. ಒರಿಜಿನಲ್ ಹೂವು ತೆಳುನೀಲಿ, ಸಾದಾ ಸೀದಾ. ನಮ್ಮಲ್ಲೂ ಫೋಟೋ ಸ್ಪರ್ಧೆಗೆ ಬರೋ 'ಕಾಡು ನೈದಿಲೆ'ಗಳಲ್ಲಿ ಎಷ್ಟು ರೆಸಾರ್ಟ್ ಕೊಳದ ಸಂತಾನವೋ.

ಪ್ರಶ್ನೆ: ಉಪವಾಸಕ್ಕೆ ತಿನ್ನೋ ಮಖಾನಾ ಕಮಲದ ಬೀಜ ತಾನೇ? ಪ್ಯಾಕೆಟ್ ಮೇಲೆ ಹಂಗೇ ಬರೆದಿದ್ದಾರೆ. (ರಾಣೆಬೆನ್ನೂರು)

ಪ್ಯಾಕೆಟ್ ಮೇಲೆ ಬರೆದವರೂ ನಮ್ಮ ಹೋದ ತಿಂಗಳ ಕ್ಯಾಪ್ಷನ್ ಬರೆದವನ ಅಣ್ಣತಮ್ಮಂದಿರೇ ಇರಬೇಕು. ಮಖಾನಾ ಕಮಲದ್ದಲ್ಲ. ಯೂರಿಯಾಲೆ ಫೆರಾಕ್ಸ್ ಅನ್ನೋ ಗಿಡದ ಬೀಜ ಹುರಿದು ಬಡಿದು ಅರಳು ಮಾಡಿದ್ದು, ಆ ಗಿಡ ನೈದಿಲೆ ಕುಟುಂಬದ್ದು. ಎಲೆ ದೊಡ್ಡ ತಟ್ಟೆಯಷ್ಟು, ಮೈತುಂಬ ಮುಳ್ಳು. ಬಿಹಾರದ ಮಿಥಿಲೆ ಕಡೆ ಹೊಂಡಗಳಲ್ಲಿ ಬೆಳೀತಾರೆ, ಜನ ನೀರಲ್ಲಿ ಮುಳುಗಿ ತಳದ ಕೆಸರಿಂದ ಬೀಜ ಗೋರಿ ತೆಗೀತಾರೆ. ಮಿಥಿಲಾ ಮಖಾನಾಗೆ 2022ರಲ್ಲಿ ಜಿಐ ಟ್ಯಾಗೂ ಸಿಕ್ತು. ಕಮಲದ ಬೀಜ ಬೇರೆ, ಅದು ಕಡಲೆಕಾಯಿ ಬೀಜದ ಗಾತ್ರದ ಗಟ್ಟಿ ಗುಂಡು. ಉಪವಾಸಕ್ಕೆ ಏನೂ ತೊಂದ್ರೆ ಇಲ್ಲ, ತಿನ್ನಿ.

ಅಂದಹಾಗೆ ಬಾಂಗ್ಲಾದಲ್ಲಿ ನೈದಿಲೆಯ ಸಣ್ಣ ಬೀಜವನ್ನೂ ಅರಳು ಹುರೀತಾರೆ, ತೊಟ್ಟನ್ನ ಸಿಪ್ಪೆ ಸುಲಿದು ಪಲ್ಯ ಮಾಡ್ತಾರೆ, ಸೀಗಡಿ ಹಾಕಿದ್ರೆ ಇನ್ನೂ ರುಚಿಯಂತೆ.

ಪ್ರಶ್ನೆ: ಆನ್‌ಲೈನಲ್ಲಿ 'ಬ್ಲೂ ಲೋಟಸ್ ಟೀ' ಮಾರ್ತಾರೆ, ಒಳ್ಳೇ ನಿದ್ದೆ ಬರುತ್ತಂತೆ, ನಮ್ಮೂರ ನೀಲಿ ನೈದಿಲೆನೇ ಒಣಗಿಸಿ ಕುಡೀಬಹುದಾ? (ಹೆಸರು ಬೇಡ ಅಂದಿದ್ದಾರೆ)

ಅದೂ ಲೋಟಸ್ ಅಲ್ಲ, ಈಜಿಪ್ಟಿನ ನೀಲಿ ನೈದಿಲೆ. ಅಲ್ಲಿಯ ಗೋರಿಗಳ ಗೋಡೆ ಮೇಲೆ ಜನ ಮೂಗಿಗೆ ಹಿಡ್ಕೊಂಡು ಕೂತಿರ್ತಾರಲ್ಲ, ಆ ಹೂವು. ಮೆದುಳಿನ ಮೇಲೆ ಕೆಲಸ ಮಾಡೋ ಆಲ್ಕಲಾಯ್ಡು ಅದರಲ್ಲಿ ಇರೋದು ನಿಜ, ಅದಕ್ಕೇ ಅಂದಾಜಿನಲ್ಲಿ ಕುಡಿಯೋದು ಬೇಡ ಅನ್ನೋದು. ನಿದ್ದೆ ಬರದಿದ್ರೆ ಡಾಕ್ಟರ ಹತ್ರ ಹೋಗಿ.

ಪ್ರಶ್ನೆ: ನಮ್ಮೂರ ಕೆರೆಯಲ್ಲಿ ನಾನು ಸಣ್ಣೋನಿದ್ದಾಗಿಂದ ನೈದಿಲೆ ಇತ್ತು. ಎರಡು ವರ್ಷದ ಹಿಂದೆ ಹೂಳೆತ್ತಿಸಿದ್ವಿ, ಊರೋರೇ ದುಡ್ಡು ಹಾಕಿ, ಜೆಸಿಬಿ ಬಿಟ್ಟು, ಸುತ್ತ ಕಲ್ಲು ಕಟ್ಟಿಸಿ ವಾಕಿಂಗ್ ಪಾತ್ ಮಾಡಿದ್ವಿ. ನೀರು ಚೆನ್ನಾಗಿ ನಿಂತಿದೆ. ಒಂದು ಹೂವಿಲ್ಲ. ನಾವು ಏನು ತಪ್ಪು ಮಾಡಿದ್ವಿ? (ಚನ್ನರಾಯಪಟ್ಟಣ ಕಡೆಯ ಒಬ್ಬ ರೈತರು)

ಯಜಮಾನ್ರೇ, ಒಳ್ಳೇ ಮನಸ್ಸಿಂದಲೇ ಮಾಡಿದ್ದೀರಿ, ಅದು ಗೊತ್ತು. ಆದ್ರೆ ನಿಮ್ಮ ಕೆರೆ ಈಗ ಕೆರೆ ಅಲ್ಲ, ಬೋಗುಣಿ.

ಹಳೇ ಕೆರೆ ಹೆಂಗಿರ್ತಿತ್ತು ಜ್ಞಾಪಿಸಿಕೊಳ್ಳಿ. ಏರಿ ಕಡೆ, ತೂಬಿನ ಹತ್ರ ಆಳ, ಅಲ್ಲಿಂದ ನೀರು ಒಳಬರೋ ಹಳ್ಳದ ಕಡೆಗೆ ಹೋಗ್ತಾ ಹೋಗ್ತಾ ಇಳಿಜಾರು, ಕೊನೆಗೆ ಮೊಣಕಾಲುದ್ದ, ಆಮೇಲೆ ಪಾದ ಮುಳುಗೋ ಅಷ್ಟು, ಆಮೇಲೆ ಜೌಗು, ಆಮೇಲೆ ದನ ಮೇಯೋ ಹುಲ್ಲು. ನೈದಿಲೆ ಇದ್ದಿದ್ದು ಆ ಮೊಣಕಾಲಿಂದ ಎದೆಮಟ್ಟದವರೆಗಿನ ಜಾಗದಲ್ಲಿ. ಅದರ ಗೆಡ್ಡೆ ತಳದ ಕೆಸರಲ್ಲಿ, ಎಲೆ ನೀರ ಮೇಲೆ, ನಡುವೆ ತೊಟ್ಟು ಹಗ್ಗದ ಥರ. ಮಳೆ ಬಂದು ನೀರು ಏರಿದ್ರೆ ತೊಟ್ಟೂ ಉದ್ದ ಬೆಳೆಯುತ್ತೆ, ಅದಕ್ಕೂ ಒಂದು ಮಿತಿ ಇದೆ. ಎಳೇ ಎಲೆ ತಳದಿಂದ ಹೊರಟು ಮೇಲೆ ಬರೋವರೆಗೆ ಗೆಡ್ಡೆಯಲ್ಲಿ ಕೂಡಿಟ್ಟ ಗಂಜಿ ಮೇಲೇ ಬದುಕಬೇಕು, ಎರಡಾಳು ಆಳದಿಂದ ಏಳೋ ಅಷ್ಟು ಗಂಜಿ ಇರಲ್ಲ. ನೀವು ನಾಲ್ಕೂ ಕಡೆ ಒಂದೇ ಸಮ ಅಗೆದು ಅಂಚಿಗೆ ಕಲ್ಲು ಕಟ್ಟಿದ್ದೀರಿ, ಈಗ ದಡದಿಂದ ಒಂದು ಹೆಜ್ಜೆ ಇಟ್ರೆ ಆಳ. ನೈದಿಲೆಗೆ ನಿಲ್ಲೋಕೆ ಜಾಗ ಎಲ್ಲಿದೆ? ಮತ್ತೆ ಗೆಡ್ಡೆ, ಬೀಜ ಎಲ್ಲ ಇದ್ದಿದ್ದು ಆ ಮೇಲಿನ ಹೂಳಲ್ಲೇ, ಅದನ್ನ ಟ್ರ್ಯಾಕ್ಟರಲ್ಲಿ ತುಂಬಿ ಹೊಲಕ್ಕೆ ಹೊಡೆದಿದ್ದೀರಿ. ತೆಂಗಿಗೆ ಒಳ್ಳೇ ಗೊಬ್ಬರ ಆಗಿರುತ್ತೆ ಬಿಡಿ.

ಬೇಸಿಗೆಯಲ್ಲಿ ಕೆರೆ ಒಣಗಿ ಬಿರುಕು ಬಿಟ್ಟಿದ್ದಕ್ಕೆ ಹೂವು ಹೋಯ್ತು ಅಂತ ನಿಮ್ಮೂರ ಕೆಲವರು ಅಂದ್ರು ಅಂತ ಬರೆದಿದ್ದೀರಿ. ಅದಲ್ಲ ಕಾರಣ. ಒಣಗೋದು ಇದಕ್ಕೆ ಹೊಸದಲ್ಲ, ಗೆಡ್ಡೆ ಕೆಸರೊಳಗೆ ನಿದ್ದೆ ಹೊಡೆದು ಮಳೆ ಬಿದ್ದ ಮೇಲೆ ಮತ್ತೆ ಏಳುತ್ತೆ. ಕೇರಳದ ಕೋಟ್ಟಯಂ ಹತ್ರ ಮಲರಿಕ್ಕಲ್ ಅಂತ ಊರಿದೆ, ಅಲ್ಲಿ ನೈದಿಲೆ ಬೆಳೆಯೋದು ಭತ್ತದ ಗದ್ದೆಯಲ್ಲಿ. ಮಳೆಗಾಲದಲ್ಲಿ ಗದ್ದೆ ಬಿಟ್ಟಾಗ ನೀರು ನಿಂತು ಎಕರೆಗಟ್ಟಲೆ ಗುಲಾಬಿ ಹೂವು, ಜನ ಬೆಳಗಿನ ಜಾವ ದೋಣಿ ಹತ್ತಿ ನೋಡೋಕೆ ಸಾಲು ನಿಲ್ತಾರೆ. ಆಮೇಲೆ ರೈತರು ನೀರು ಬಸಿದು ಉತ್ತು ಭತ್ತ ಹಾಕ್ತಾರೆ, ಹೂವು ಪೂರ್ತಿ ಹೋಗುತ್ತೆ. ಮುಂದಿನ ಮಳೆಗೆ ಮತ್ತೆ ಹಾಜರ್. ಉಳುಮೆ ತಡ್ಕೊಳ್ಳುತ್ತೆ, ಬಿಸಿಲು ತಡ್ಕೊಳ್ಳುತ್ತೆ, ಬೋಗುಣಿ ತಡ್ಕೊಳ್ಳಲ್ಲ.

ಇನ್ನೊಂದು ವಿಷಯ ಪತ್ರದ ಕೊನೆಯಲ್ಲಿ ಸುಮ್ನೆ ಒಂದು ಸಾಲಲ್ಲಿ ಹೇಳಿಬಿಟ್ಟಿದ್ದೀರಿ, ಮೀನಿನ ಗುತ್ತಿಗೆಯವರು ಹುಲ್ಲುಗೆಂಡೆ ಮರಿ ಬಿಟ್ಟಿದ್ದಾರೆ ಅಂತ. ಹೆಸರಲ್ಲೇ ಇದೆಯಲ್ಲ, ಅದು ನೀರಿನ ಹಸುವೇ. ಮೊದಲು ಮೆತ್ತನೆ ನೀರುಗಿಡ ತಿನ್ನುತ್ತೆ, ಅದು ಮುಗಿದ ಮೇಲೆ ನೈದಿಲೆ ಎಳೆ ಚಿಗುರೂ ಬಿಡಲ್ಲ. ಮುಂದಿನ ಸಲ ಗುತ್ತಿಗೆ ಮಾತಾಡುವಾಗ ಕಾಟ್ಲಾ, ರೋಹು ಸಾಕು ಅನ್ನಿ.

ಈಗ ಏನು ಮಾಡೋದು ಅಂದ್ರೆ, ಪೂರ್ತಿ ಕಲ್ಲು ಕೀಳೋದು ಬೇಕಿಲ್ಲ. ಹಳ್ಳ ಒಳಬರೋ ಮೂಲೆಯಲ್ಲಿ ಮಾತ್ರ, ಒಂದು ಹತ್ತಿಪ್ಪತ್ತು ಗಜ ಉದ್ದಕ್ಕೆ, ಕಲ್ಲು ತೆಗೆಸಿ ಮಣ್ಣು ಸುರಿದು ಇಳಿಜಾರು ಮಾಡಿ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಮಾಡಿದ್ರೆ ಖರ್ಚು ಕಮ್ಮಿ. ಮುಂದಿನ ಊರಿನ ಕೆರೆಯಲ್ಲಿ ಇನ್ನೂ ನೈದಿಲೆ ಇದೆ ಅಂದಿದ್ದೀರಲ್ಲ, ಅವರನ್ನ ಕೇಳಿ ಬಲಿತ ನಾಲ್ಕೈದು ಕಾಯಿ ತನ್ನಿ, ಒಣಗಿಸಬೇಡಿ, ಬಕೆಟ್ ನೀರಲ್ಲೇ ತಂದು ಆ ಇಳಿಜಾರಿನ ಕೆಸರಿಗೆ ಬಿಡಿ. (ಮೇಲೆ ಬೆಂಗಳೂರಿನವರಿಗೆ ಬೇಡ ಅಂದವನು ನಿಮಗೆ ತನ್ನಿ ಅಂತಿದ್ದೀನಿ, ಬೈಬೇಡಿ, ಕಾಯಿ ತರೋದಕ್ಕೂ ಗೆಡ್ಡೆ ಕೀಳೋದಕ್ಕೂ ವ್ಯತ್ಯಾಸ ಇದೆ.) ಊರ ಚರಂಡಿ ಅದೇ ಮೂಲೆಗೆ ಬರ್ತಿದ್ರೆ ಮೊದಲು ಅದನ್ನ ತಿರುಗಿಸಿ, ಇಲ್ಲಾಂದ್ರೆ ನೈದಿಲೆ ಬದಲು ವಾಟರ್ ಹಯಸಿಂತ್ ಅನ್ನೋ ತೇಲೋ ಕಳೆ ಬಂದು ಕೂರುತ್ತೆ, ಅದು ಮುಚ್ಚಿದ ಕೆರೆಯಲ್ಲಿ ಕೆಳಗಿರೋರಿಗೆ ಬೆಳಕೇ ಇಲ್ಲ.

ಇನ್ನೊಂದು, ಇದು ಹೂವಿಗಿಂತ ಮುಖ್ಯ. ಜೆಸಿಬಿ ಅಗೆದ ಗುಂಡಿ ನೀರು ತುಂಬಿದ ಮೇಲೆ ಮೇಲಿಂದ ಕಾಣಲ್ಲ. ಹೂವು ಕೀಳಕ್ಕೆ ಅಂತ ಮಕ್ಕಳು ಇಳಿದು ಹೋಗೋದು ಅಲ್ಲೇ. ಇಳಿಜಾರು ದಡ ಇದ್ರೆ ಅದಕ್ಕೂ ಒಳ್ಳೇದು.

ಪ್ರಶ್ನೆ: ಚೆನ್ನೈಗೆ ಬಂದು ಹತ್ತು ವರ್ಷ ಆಯ್ತು. ಇಲ್ಲಿ ಸ್ನೇಹಿತರೊಬ್ಬರು 'ನೆಯ್ದಲ್' ಅಂದ್ರೆ ಸಮುದ್ರ ತೀರ ಅಂದ್ರು. ನಮ್ಮ ನೈದಿಲೆಗೂ ಅದಕ್ಕೂ ನಂಟಿದೆಯಾ?

ಇದೆ, ಹತ್ತಿರದ ನಂಟೇ. ಹಳಗನ್ನಡದಲ್ಲಿ ನೆಯ್ದಿಲ್, ತಮಿಳಲ್ಲಿ ನೆಯ್ದಲ್, ಒಂದೇ ಹೂವು. ಸಂಗಂ ಕಾಲದ ಹಳೇ ತಮಿಳು ಕವಿಗಳು ನಾಡನ್ನ ಐದು ಥರ ಭಾಗ ಮಾಡಿ ಒಂದೊಂದಕ್ಕೂ ಅಲ್ಲಿಯ ಒಂದು ಗಿಡದ ಹೆಸರಿಟ್ರು. ಬೆಟ್ಟಕ್ಕೆ ಕುರಿಂಜಿ, ಕಡಲತೀರಕ್ಕೆ ನೆಯ್ದಲ್. ಅವರ ಪದ್ಯದಲ್ಲಿ ನೆಯ್ದಲ್ ಬಂತು ಅಂದ್ರೆ ಕಡಲಿಗೆ ಹೋದ ಗಂಡನಿಗೆ ಕಾಯ್ತಾ ಹಂಬಲಿಸೋ ಹೆಣ್ಣು ಅಂತ ಲೆಕ್ಕ. ಉಪ್ಪುನೀರಲ್ಲಿ ಇದು ಬೆಳೆಯಲ್ಲ, ತೀರದ ಹಿಂದಿನ ಸಿಹಿನೀರಿನ ಹೊಂಡಗಳಲ್ಲಿ ಬೆಳೆಯುತ್ತೆ. ನಿಮ್ಮ ಸ್ನೇಹಿತರಿಗೆ ಹೂವು ಮರೆತು ತೀರ ಮಾತ್ರ ನೆನಪಿದೆ, ಕರ್ಕೊಂಡು ಹೋಗಿ ಒಂದು ಹೊಂಡ ತೋರಿಸಿ.

ಪ್ರಶ್ನೆ: ನಾನು ಏಳನೇ ಕ್ಲಾಸು. ನೈದಿಲೆ ಬೇರು ಕೆಸರಲ್ಲಿ ಇರುತ್ತಲ್ಲ, ಅಲ್ಲಿ ಗಾಳಿ ಇರಲ್ಲ ಅಂತ ಮಿಸ್ ಹೇಳಿದ್ರು. ಮತ್ತೆ ಅದು ಉಸಿರು ಹೆಂಗೆ ಆಡುತ್ತೆ? ಆ ಎಲೆ ಮೇಲೆ ಹಕ್ಕಿ ಓಡಾಡುತ್ತೆ, ಮುಳುಗಲ್ವಾ? (ಸಾಗರ)

ಪುಟ್ಟಾ, ಹಕ್ಕಿದು ಮೊದಲು ಹೇಳಿಬಿಡ್ತೀನಿ. ಅದರ ಹೆಸರು ಜಕಾನಾ, ಬೆರಳು ನೋಡಿದ್ಯಾ, ಮೈಗೆ ಹೊಂದಿಕೆನೇ ಇಲ್ಲದಷ್ಟು ಉದ್ದ. ಭಾರ ಎಲ್ಲ ಎಲೆ ಮೇಲೆ ಹರಡಿ ಹೋಗುತ್ತೆ, ಅದಕ್ಕೆ ಮುಳುಗಲ್ಲ. ಗೂಡೂ ಆ ಎಲೆಗಳ ಮೇಲೇ ಕಟ್ಟುತ್ತೆ. ಮೊಟ್ಟೆ ಇಟ್ಟು ಅಮ್ಮ ಹೊರಟು ಹೋಗ್ತಾಳೆ, ಕಾವು ಕೊಡೋದು, ಮರಿ ನೋಡ್ಕೊಳ್ಳೋದು ಎಲ್ಲ ಅಪ್ಪನೇ.

ಇನ್ನು ಉಸಿರು. ನಿಮ್ಮ ಮನೆ ಹಿತ್ತಲಿನ ಗಿಡಗಳಿಗೆ ಉಸಿರಾಡೋ ತೂತು ಹೆಚ್ಚಾಗಿ ಎಲೆಯ ಕೆಳಗಡೆ ಇರುತ್ತೆ. ನೈದಿಲೆ ಎಲೆಯ ಕೆಳಗಡೆ ನೀರು, ಅದಕ್ಕೆ ಅದು ತೂತುಗಳನ್ನೆಲ್ಲ ಮೇಲಕ್ಕೆ ಇಟ್ಕೊಂಡಿದೆ. ಅಲ್ಲಿಂದ ತೊಟ್ಟಿನೊಳಗೆ ಪೈಪುಗಳಿವೆ, ಗಾಳಿ ಅದರಲ್ಲಿ ಇಳಿದು ಗೆಡ್ಡೆ, ಬೇರಿನವರೆಗೆ ಹೋಗುತ್ತೆ. ನೈದಿಲೆ ಬಳಗದ್ದೇ ಹಳದಿ ಹೂವಿನ ಗಿಡ ಒಂದಿದೆ, ನೂಫರ್ ಅಂತ. 1980ರಲ್ಲಿ ಡೇಸಿ ಅನ್ನೋ ವಿಜ್ಞಾನಿ ಅದರಲ್ಲಿ ಒಂದು ಮಜಾ ಕಂಡುಹಿಡಿದ. ಬಿಸಿಲು ಬಿದ್ದಾಗ ಎಳೇ ಎಲೆ ಒಳಗೆ ಒತ್ತಡ ಏರಿ ಗಾಳಿ ಕೆಳಗೆ ಗೆಡ್ಡೆಗೆ ನುಗ್ಗುತ್ತೆ, ಅಲ್ಲಿಂದ ಹಳೇ ಎಲೆಗಳ ತೊಟ್ಟಲ್ಲಿ ಹತ್ತಿ ಹೊರಗೆ ಹೋಗುತ್ತೆ. ಗಿಡದೊಳಗೇ ಗಾಳಿ ಬೀಸುತ್ತೆ!

ನೀನೇ ಪೈಪು ನೋಡಬಹುದು. ದೊಡ್ಡೋರ ಜೊತೆ ಹೋಗಿ ದಡಕ್ಕೆ ಬಂದು ಬಿದ್ದಿರೋ ಒಂದು ಎಲೆ ತೊಟ್ಟಿನ ಸಮೇತ ತಗೋ, ಹೊಸದು ಕೀಳ್ಬೇಡ. ತೊಟ್ಟನ್ನ ಒಂದು ಗೇಣು ಉದ್ದಕ್ಕೆ ಎರಡೂ ಕಡೆ ನೇರ ಕತ್ತರಿಸಿ, ಚೆನ್ನಾಗಿ ತೊಳೆದು, ಬೆಳಕಿಗೆ ಹಿಡಿದು ನೋಡು, ತೂತುಗಳು ಕಾಣುತ್ತೆ. ಆಮೇಲೆ ಒಂದು ತುದಿ ಲೋಟದ ನೀರಲ್ಲಿ ಮುಳುಗಿಸಿ ಇನ್ನೊಂದು ತುದಿಗೆ ಸ್ಟ್ರಾ ಥರ ಬಾಯಿಟ್ಟು ಊದು. ಊದಬೇಕು, ಎಳ್ಕೋಬಾರದು. ದೊಡ್ಡ ತೂತು ಎಷ್ಟಿತ್ತು ಅಂತ ಎಣಿಸಿ ಒಂದು ಚಿತ್ರ ಬರೆದು ಕಳಿಸು, ಹಗಲು ಹೂವಿನದಾ ರಾತ್ರಿ ಹೂವಿನದಾ ಅಂತನೂ ಬರಿ, ಮುಂದಿನ ತಿಂಗಳು ಇಲ್ಲೇ ಹಾಕ್ತೀವಿ. ಕ್ಯಾಪ್ಷನ್ ಈ ಸಲ ನಿಮ್ಮ ಮಿಸ್ ಹತ್ರನೇ ಬರೆಸು.